ಕಸದ ಗುಡ್ಡ ಕುಸಿಯದಂತೆ: ಇಳಿಜಾರು ತಗ್ಗಿಸುವುದೋ, ನೀರು ಬಸಿಯುವುದೋ, ಒಡ್ಡು ಕಟ್ಟುವುದೋ?

ದಾವಣಗೆರೆಯಂಥ ಊರಿನ ಕಸದ ರಾಶಿಗೆ ಯಾವ ಕಾಮಗಾರಿ ಮೊದಲು ಎಂದು ನಿರ್ಧರಿಸುವವರ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ.

ಒಂದು ಮೀಟರ್ ಎತ್ತರಕ್ಕೆ ಮೂರು ಮೀಟರ್ ಅಡ್ಡಳತೆ ಬರುವಂತೆ ರಾಶಿಯನ್ನು ಮೆಟ್ಟಿಲುಗಳಾಗಿ ತಗ್ಗಿಸಿದರೆ ಇಳಿಜಾರು ಸುಮಾರು 18 ಡಿಗ್ರಿಗೆ ಇಳಿಯುತ್ತದೆ. ಇದು ಬಾಳಿಕೆಯ ಉಪಾಯವಾದರೂ ವಿಶಾಲ ಜಾಗ ಬೇಡುತ್ತದೆ. ಜೆಸಿಬಿಯನ್ನು ಬುಡಕ್ಕೆ ಹಚ್ಚಿ ಅಗೆದರೆ ಕುಸಿತವನ್ನು ನಾವೇ ಕರೆದಂತಾಗುತ್ತದೆ, ಕೆಲಸ ನೆತ್ತಿಯಿಂದಲೇ ಆರಂಭವಾಗಬೇಕು.

ನೀರು ಬಸಿಯುವ ವ್ಯವಸ್ಥೆ ಇದಕ್ಕಿಂತ ಅಗ್ಗ, ನನ್ನ ಮಟ್ಟಿಗೆ ಮೊದಲ ಆಯ್ಕೆಯೂ ಹೌದು. ಕೆರೆಯ ಏರಿಯ ಬುಡ ಜವುಗಾದರೆ ಅಪಾಯವೆಂದು ನಮ್ಮ ರೈತರು ಬಲ್ಲರು. ಕಸದ ರಾಶಿಯಲ್ಲೂ ಒಳಗೆ ನಿಂತ ನೀರಿನ ಒತ್ತಡವೇ ಪದರಗಳ ಹಿಡಿತವನ್ನು ಸಡಿಲಿಸುತ್ತದೆ. 2005ರಲ್ಲಿ ಇಂಡೋನೇಷ್ಯಾದ ಲ್ಯೂವಿಗಜಾದಲ್ಲಿ ಭಾರಿ ಮಳೆಯ ಬಳಿಕ ರಾಶಿ ಜಾರಿ 140ಕ್ಕೂ ಹೆಚ್ಚು ಜನ ಸತ್ತರು. ನೆತ್ತಿಗೆ ಮಣ್ಣಿನ ಹೊದಿಕೆ, ಸುತ್ತ ಚರಂಡಿ, ಒಳಗೆ ತೂತಿನ ಪೈಪು ಹಾಕಬಹುದು. ಆದರೆ ಪೈಪುಗಳು ಕೆಸರು ಕಟ್ಟಿಕೊಳ್ಳುವುದರಿಂದ ಆಗಾಗ ತೊಳೆಯದಿದ್ದರೆ ಹಾಕಿಯೂ ವ್ಯರ್ಥ.

ಬುಡದ ಒಡ್ಡು ಜಾಗ ಕಡಿಮೆಯಿರುವಲ್ಲಿ ಒದಗುತ್ತದೆ. ಚಿತ್ರದುರ್ಗದ ಕಡೆಯ ಕಲ್ಲಿನಿಂದ ಕಟ್ಟಿದರೆ ಸರಿ; ನೆನೆದರೆ ಉಬ್ಬಿ ಒಣಗಿದರೆ ಬಿರಿಯುವ ಎರೆಮಣ್ಣನ್ನು ನಂಬಬಾರದು. ಒಡ್ಡಿನ ಅಡಿಯಿಂದಲೇ ನೆಲ ಜಾರಿದರೆ ಅದೂ ನಿಲ್ಲದು.

ಯಾವುದನ್ನೇ ಆರಿಸಿದರೂ ಬುಡದಲ್ಲಿ ಜನರಿಲ್ಲದ ಅಂತರ ಬೇಕು: 2017ರಲ್ಲಿ ದೆಹಲಿಯ ಗಾಜಿಪುರದಲ್ಲಿ ಕಸದ ರಾಶಿ ಕುಸಿದಾಗ ಸತ್ತ ಇಬ್ಬರೂ ಕಸ ಸುರಿಯುವವರಲ್ಲ, ಪಕ್ಕದ ರಸ್ತೆಯಲ್ಲಿ ಸಾಗುತ್ತಿದ್ದವರು. ನೆತ್ತಿಯಲ್ಲಿ ಅಂಚಿಗೆ ಸಮಾನಾಂತರವಾಗಿ ಬಿಲ್ಲಿನಂತೆ ಬಾಗಿದ ಬಿರುಕು ಕಂಡ ದಿನ ಚಿಂದಿ ಆಯುವವರನ್ನೂ ಲಾರಿಗಳನ್ನೂ ಕೂಡಲೇ ಹೊರಗೆ ಕಳುಹಿಸಬೇಕು.