ಮಣ್ಣು ಆರೋಗ್ಯ ಚೀಟಿ: ತೆಳು ಕಲ್ಲುಮಣ್ಣಿನ ಹೊಲಕ್ಕೆ ಎಷ್ಟು ನಂಬಬಹುದು?

ರೈತರ ಹೊಲದ ಮಣ್ಣು ಪರೀಕ್ಷಿಸಿ ಫಲಿತಾಂಶದ ಚೀಟಿ ಕೊಡುವ, 2015ರಲ್ಲಿ ಶುರುವಾದ ಈ ಸರ್ಕಾರಿ ಸೇವೆ ಆಳವಾದ ಎರೆಭೂಮಿಗೆ ಚೆನ್ನಾಗಿ ಒಪ್ಪುತ್ತದೆ. ರಸಸಾರ, ಸಾವಯವ ಇಂಗಾಲ, ಸತು, ಬೋರಾನ್ ಸೇರಿ 12 ಅಂಶ ಒಂದೇ ಹಾಳೆಯಲ್ಲಿ ಸಿಗುತ್ತವೆ. ಆದರೆ ನಿಮ್ಮದು ಲೆಪ್ಟೊಸಾಲ್ ಆಗಿದ್ದರೆ, ಅಂದರೆ 25 ಸೆಂ.ಮೀ. ಒಳಗೇ ಅಖಂಡ ಬಂಡೆ ತಾಗುವ ಅಥವಾ ಬಹುಪಾಲು ಕಲ್ಲೇ ತುಂಬಿರುವ ಮಣ್ಣಾಗಿದ್ದರೆ, ಚೀಟಿಯ ಅಂಕಿಯನ್ನು ಹಾಗೇ ತೆಗೆದುಕೊಳ್ಳಬೇಡಿ.

ಪ್ರಯೋಗಾಲಯದಲ್ಲಿ ಮಾದರಿಯನ್ನು 2 ಮಿ.ಮೀ. ಜರಡಿ ಹಿಡಿದು, ಮೇಲುಳಿದ ಗರಸನ್ನು ಬಿಟ್ಟುಬಿಡುತ್ತಾರೆ. ಹೆಕ್ಟೇರಿನ ಲೆಕ್ಕವೋ, ಮೇಲಿನ 15 ಸೆಂ.ಮೀ.ನಲ್ಲಿ ಸುಮಾರು 22.4 ಲಕ್ಷ ಕಿಲೋ ಮಣ್ಣಿದೆ ಎಂದು ಹಿಡಿದು ಮಾಡಿದ್ದು. ಗಾತ್ರದಲ್ಲಿ ಶೇ. 40 ಕಲ್ಲಿದ್ದರೆ, ಚೀಟಿ ತೋರಿಸುವ 200 ಕಿಲೋ ಪೊಟ್ಯಾಷ್ ಹೊಲದಲ್ಲಿರುವುದು 120ರ ಆಸುಪಾಸು.

ಕಲ್ಲಿನ ಪ್ರಮಾಣ ನೀವೇ ಅಳೆಯಬಹುದು. 15 ಸೆಂ.ಮೀ. ಆಳದ ಗುಂಡಿ ತೋಡಿ, ತೆಳು ಪ್ಲಾಸ್ಟಿಕ್ ಹಾಸಿ ನೀರು ತುಂಬಿ ಎಷ್ಟು ಲೀಟರ್ ಹಿಡಿಯಿತೆಂದು ನೋಡಿ. ಅಗೆದ ಮಣ್ಣನ್ನು ಜರಡಿ ಹಿಡಿದು, ಉಳಿದ ಕಲ್ಲನ್ನು ಅಂಚಿನವರೆಗೆ ನೀರು ತುಂಬಿದ ಬಕೆಟ್ಟಿಗೆ ಹಾಕಿ, ಚೆಲ್ಲಿದ ನೀರನ್ನು ಅಳೆದು, ಅದನ್ನು ಗುಂಡಿ ಹಿಡಿದ ನೀರಿನಿಂದ ಭಾಗಿಸಿ. ನಾಲ್ಕೈದು ಕಡೆ ಮಾಡಿ. ಇಂಥ ಹೊಲದಲ್ಲಿ ಹತ್ತು ಮಾರಿಗೆ ಮಣ್ಣು ಬದಲಾಗುತ್ತದೆ.

ಆಳದ ಮಾಹಿತಿಯೇ ಇಲ್ಲದಿರುವುದು ಚೀಟಿಯ ದೊಡ್ಡ ಕೊರತೆ. ಹಾರೆ ಠಣ್ಣೆಂದು ನಿಂತರೆ ಬಂಡೆ. ಕಷ್ಟಪಟ್ಟಾದರೂ ಇಳಿದರೆ ಕೊಳೆತ ಕಲ್ಲು, ಅದರ ಸಂದಿಯಲ್ಲಿ ಬೇರು ಇಳಿದೀತು. ಕರ್ನಾಟಕದ ಜಲಾನಯನ ಯೋಜನೆಯಾದ ಸುಜಲಾ-3ರಡಿ ಮಣ್ಣಿನ ಸಮೀಕ್ಷೆಯಾದ ಕಿರುಜಲಾನಯನಗಳಲ್ಲಿ ಆಳ, ಗರಸು ಎರಡೂ ದಾಖಲಾಗಿವೆ. ಅಲ್ಲಿನವರು ಮೊದಲು ಅದನ್ನು ನೋಡಿ, ಆಮೇಲೆ ಚೀಟಿ ಓದುವುದು ಸರಿ.