ಎಲೆಹಂದರ ಹಿಡಿದ ಬಿಸಿಲು ಅಳೆಯಲು ಯಾವುದು ಒಳ್ಳೆಯದು: ಕೋಲು, ಬಿಡಿ ಸೆನ್ಸರ್, ಮೀನುಗಣ್ಣು, ಮೊಬೈಲು

ಲೆಕ್ಕ ಸರಳ. ಎಲೆಗಳ ಮೇಲೆ ಬಿದ್ದ ಬೆಳಕು, ನೆಲ ಮುಟ್ಟಿದ ಬೆಳಕು, ಇವೆರಡರ ಅನುಪಾತ ಸಿಕ್ಕರೆ ಸಾಕು. ಚದರ ಮೀಟರಿಗೆ ಸೆಕೆಂಡಿಗೆ ಮೇಲೆ 1850 ಮೈಕ್ರೋಮೋಲ್ (ಬೆಳಕಿನ ಕಣಗಳನ್ನು ಎಣಿಸುವ ಮಾನ), ಕೆಳಗೆ ಸರಾಸರಿ 410 ಬಂತೆನ್ನಿ. ಹಂದರ, ಅಂದರೆ ಬೆಳೆಯ ಎಲೆಗಳ ಒಟ್ಟು ಹೊದಿಕೆ, ಶೇ 78ರಷ್ಟನ್ನು ತಡೆದಿದೆ. ಅಳೆಯುವುದು 400ರಿಂದ 700 ನ್ಯಾನೊಮೀಟರ್ ನಡುವಿನ, ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕನ್ನು, ಅಂದರೆ ಪಿಎಆರ್. ತೊಡಕೆಲ್ಲ ಕೆಳಗಿನ ಅಳತೆಯದು. ಮುಸುಕಿನ ಜೋಳದ ಬುಡದಲ್ಲಿ ಬಿಸಿಲುಕೋಲು ಬಿದ್ದ ಜಾಗ 1500 ತೋರಿಸಿದರೆ, ಗೇಣು ಆಚೆಗೆ ನೆರಳಲ್ಲಿ 60 ಇರಬಹುದು. ಈ ಏರುಪೇರನ್ನು ಯಾವ ಉಪಕರಣ ಎಷ್ಟು ಚೆನ್ನಾಗಿ ಸರಾಸರಿ ಮಾಡುತ್ತದೆ ಎಂದು ನೋಡಿಯೇ ಆರಿಸಬೇಕು.

ಸಾಲುಬೆಳೆಗೆ ನಮ್ಮ ಆಯ್ಕೆ ಕೋಲಿನಾಕಾರದ ಸೆನ್ಸರ್. ಅಕ್ಯುಪಾರ್ ಎಲ್‌ಪಿ-80ರ 86.5 ಸೆಂ.ಮೀ. ಕೋಲಿನಲ್ಲಿ 80 ಪುಟ್ಟ ಸೆನ್ಸರ್‌ಗಳಿವೆ. ಲೈಕೋರ್ ಎಲ್‌ಐ-191ಆರ್ ಒಂದು ಮೀಟರ್ ಉದ್ದದ್ದು; ಒಳಗಿನ ಸರಳು ಬೆಳಕನ್ನು ಹೊತ್ತು ತಂದು ಒಂದೇ ಸೆನ್ಸರ್‌ಗೆ ಒಪ್ಪಿಸುತ್ತದೆ. ಮೊದಲನೆಯದರಲ್ಲಿ ಪರದೆ, ಮೆಮೊರಿ, ಮೇಲಿನ ಬೆಳಕಿಗೆ ಇನ್ನೊಂದು ಸೆನ್ಸರ್ ಸಿಕ್ಕಿಸುವ ಜಾಗ ಎಲ್ಲವೂ ಉಂಟು, ಹೊಲ ಸುತ್ತಲು ಅದೇ ಸಲೀಸು. ಎರಡನೆಯದಕ್ಕೆ ಓದುಗಳನ್ನು ತಾನೇ ಬರೆದಿಡುವ ಪೆಟ್ಟಿಗೆ, ಅಂದರೆ ಲಾಗರ್ ಬೇಕು, ಆದರೆ ಒಂದೇ ತಾಕಿನಲ್ಲಿ ವಾರಗಟ್ಟಲೆ ಬಿಟ್ಟುಬರುವುದಾದರೆ ನಾವು ಇದನ್ನೇ ಇಡುತ್ತೇವೆ. ಬೆಲೆ ಎರಡರದ್ದೂ ಲಕ್ಷದ ಲೆಕ್ಕದಲ್ಲೇ.

ಕೋಲು ಇಡುವ ಕ್ರಮದಲ್ಲಿ ಹೆಚ್ಚಿನವರು ಎಡವುತ್ತಾರೆ. ಕೋಲು ಸಾಲಿನಿಂದ ಸಾಲಿಗೆ ಪೂರ್ತಿ ಅಂತರವನ್ನು ಅಳೆಯಬೇಕು. ಒಂದೂವರೆ ಸಾಲಿಗೆ ನಿಂತರೆ ಬುಡವೋ ನಡುಸಾಲೋ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕೋಲನ್ನು ಓರೆಯಾಗಿ ಇಡಿ. 60 ಸೆಂ.ಮೀ. ಅಂತರದ ಮುಸುಕಿನ ಜೋಳದಲ್ಲಿ ಎಲ್‌ಪಿ-80 ಸಾಲಿನ ಗೆರೆಗೆ ಸುಮಾರು 44 ಡಿಗ್ರಿ, ಒಂದು ಮೀಟರಿನ ಕೋಲು 37 ಡಿಗ್ರಿ. 30 ಸೆಂ.ಮೀ. ಸಾಲಿನ ರಾಗಿಯಲ್ಲಿ ಎಲ್‌ಪಿ-80ನ್ನು ಅಡ್ಡಲಾಗಿ ನೇರ ಇಟ್ಟರೆ ಹೆಚ್ಚುಕಡಿಮೆ ಮೂರು ಸಾಲು ಮುಗಿಯುತ್ತದೆ. ಮೀಟರಿನ ಕೋಲಿಗೆ 64 ಡಿಗ್ರಿ ಬೇಕು. ಪ್ರತಿ ಸಲ ಕೋನ ಅಳೆಯುವ ರಗಳೆ ಬೇಡ, ಸಾಲಿನಂತರದಷ್ಟು ದಾರ ಕಟ್ಟಿಕೊಂಡು ತುದಿ ಹೊಂದಿಸಿದರಾಯಿತು.

ಕೋಲು ಕಳೆಗಿಂತ ಮೇಲಿರಲಿ, ಕಟ್ಟಕಡೆಯ ಹಸಿರೆಲೆಗಿಂತ ಕೆಳಗಿರಲಿ. ರಸಮಟ್ಟದ ಗುಳ್ಳೆ ನಡುವೆ ನಿಲ್ಲಬೇಕು. ಸೂರ್ಯ 45 ಡಿಗ್ರಿಯಲ್ಲಿರುವಾಗ ಸೆನ್ಸರ್ ಅವನತ್ತ 5 ಡಿಗ್ರಿ ವಾಲಿದರೂ ನೇರ ಬಿಸಿಲಿನ ಓದು ಶೇ 8ರಷ್ಟು ಏರುತ್ತದೆ. ನಿಮ್ಮ ನೆರಳು ಕೋಲಿನ ಮೇಲೆ ಬೀಳದ ಬದಿಯಿಂದ ಒಳಹೋಗಿ, ಎಲೆ ಸರಿಸದೆ ತೂರಿಸಿ. ತಾಕಿಗೆ ಆರೇಳು ಜಾಗವಾದರೂ ಬೇಕು. ಮೋಡ ಓಡಾಡುವ ದಿನ ಮೇಲೊಮ್ಮೆ ಕೆಳಗೊಮ್ಮೆ ಅಳೆದ ಅನುಪಾತಕ್ಕೆ ಅರ್ಥವಿಲ್ಲ. ಮೇಲಿನ ಸೆನ್ಸರ್ ಅದೇ ಕ್ಷಣ ಓದುತ್ತಿರಬೇಕು.

ಹೊತ್ತು: ಭಾರತೀಯ ಕಾಲಮಾನದ ರೇಖೆ 82.5 ಡಿಗ್ರಿ ಪೂರ್ವದಲ್ಲಿದೆ. ದಾವಣಗೆರೆ 76ರ ಆಸುಪಾಸಿನಲ್ಲಿರುವುದರಿಂದ ಅಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡಕ್ಕಲ್ಲ, ಋತು ನೋಡಿಕೊಂಡು ಸುಮಾರು 12:10ರಿಂದ 12:40ರೊಳಗೆ. ಅದರ ಆಚೀಚೆ ಒಂದು ತಾಸಿನೊಳಗೆ ಅಳತೆ ಮುಗಿಸಿ. ಆದರೆ ಮಧ್ಯಾಹ್ನದ ಸಂಖ್ಯೆ ಇಡೀ ದಿನದ್ದಲ್ಲ. ಬೆಳಗ್ಗೆ ಸಂಜೆ ಓರೆ ಬಿಸಿಲು ಹೆಚ್ಚು ಎಲೆ ದಾಟಿ ಬರಬೇಕಾದ್ದರಿಂದ ದಿನದ ತಡೆ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚೇ ಇರುತ್ತದೆ.

ಎಲ್‌ಪಿ-80 ಎಲೆ ವಿಸ್ತೀರ್ಣ ಸೂಚ್ಯಂಕವನ್ನೂ (ಒಂದು ಚದರ ಮೀಟರ್ ನೆಲದ ಮೇಲೆ ಎಷ್ಟು ಚದರ ಮೀಟರ್ ಎಲೆ ಇದೆ ಎಂಬುದನ್ನು) ತೋರಿಸುತ್ತದೆ. ಅದು ಅಳತೆಯಲ್ಲ, ಎಲೆಗಳು ಯಾವ ಓರೆಯಲ್ಲಿ ನಿಂತಿವೆ ಎಂಬ ಊಹೆ ಬೆರೆತ ಲೆಕ್ಕ. ಮೇಲಿನ ಉದಾಹರಣೆಯನ್ನೇ, ಎಲೆ ಹೆಚ್ಚಿದಂತೆ ಬೆಳಕು ಹೇಗೆ ಇಳಿಯುತ್ತದೆ ಎಂದು ಹೇಳುವ ಬೀರ್ ನಿಯಮಕ್ಕೆ ಹಾಕಿ ನೋಡಿ: ಎಲೆಯ ಓರೆಯನ್ನು ಊಹಿಸಿ ಇಟ್ಟ ಗುಣಾಂಕ 0.5 ಹಿಡಿದರೆ ಸೂಚ್ಯಂಕ 3.0, 0.65 ಹಿಡಿದರೆ 2.3. ಶೇ 78 ಮಾತ್ರ ಕದಲುವುದಿಲ್ಲ. ವರದಿಯಲ್ಲಿ ಬರೆಯಬೇಕಾದದ್ದು ಅದನ್ನೇ.

ಅಡಿಕೆ ತೋಟಕ್ಕೆ ಕೋಲು ಸಾಲದು. ಗಿಡದ ಅಂತರವೇ 2.7 ಮೀಟರ್, ಸೋಗೆಯ ಸಂದಿನಿಂದ ಇಳಿಯುವ ಬಿಸಿಲು ನಿಮಿಷ ನಿಮಿಷಕ್ಕೂ ಜಾಗ ಬದಲಿಸುತ್ತದೆ. ಇಲ್ಲಿ ಲಾಗರ್‌ಗೆ ಜೋಡಿಸಿದ ಬಿಡಿ ಸೆನ್ಸರ್‌ಗಳೇ ಗೆಲ್ಲುತ್ತವೆ. ನಾಲ್ಕು ಮರಗಳ ನಡುವಿನ ಚೌಕದಲ್ಲಿ ಐದಾರು ಸೆನ್ಸರ್ ಹರಡಿ, ಹತ್ತು ಸೆಕೆಂಡಿಗೊಮ್ಮೆ ಓದಿ, ಕಾಲು ಗಂಟೆಯ ಸರಾಸರಿ ಉಳಿಸಿ. ಮೇಲಿನ ಬೆಳಕಿಗೆ ಮರ ಹತ್ತಬೇಕಿಲ್ಲ, ದಿನವಿಡೀ ನೆರಳು ಬೀಳದ ಹತ್ತಿರದ ಬಯಲಿನಲ್ಲಿ ಪೈಪಿನ ಮೇಲೆ ಒಂದು ಸೆನ್ಸರ್ ಸಾಕು. ಎರಡೂ ಲಾಗರ್‌ಗಳ ಗಡಿಯಾರ ಒಂದೇ ಹೇಳಬೇಕು. ದಿನದ ಕೆಳಗಿನ ಮೊತ್ತವನ್ನು ಮೇಲಿನ ಮೊತ್ತದಿಂದ ಭಾಗಿಸಿ; ಕಾಲು ಗಂಟೆಗಳ ಅನುಪಾತಗಳನ್ನೇ ಸರಾಸರಿ ಮಾಡಿದರೆ ಬೆಳ್ಳಂಬೆಳಗಿನ ಮಂದ ಬೆಳಕಿಗೂ ಮಧ್ಯಾಹ್ನದಷ್ಟೇ ತೂಕ ಸಿಕ್ಕಿಬಿಡುತ್ತದೆ.

ಬೇಕಾದ್ದು ಅನುಪಾತವಾದ್ದರಿಂದ ಸೆನ್ಸರ್‌ಗಳು ತಮ್ಮತಮ್ಮಲ್ಲಿ ಒಪ್ಪುವುದೇ ಮುಖ್ಯ. ತೋಟಕ್ಕೆ ಒಯ್ಯುವ ಮುನ್ನ ಎಲ್ಲವನ್ನೂ ಬಯಲಿನಲ್ಲಿ ಒಂದೇ ಹಲಗೆಯ ಮೇಲೆ ಒಂದಿಡೀ ದಿನ ಇಟ್ಟು, ಮೇಲಿನದಕ್ಕೆ ಹೋಲಿಸಿ ಪ್ರತಿಯೊಂದಕ್ಕೂ ತಿದ್ದುಪಡಿ ಸಂಖ್ಯೆ ಬರೆದುಕೊಳ್ಳಿ. ಸೆನ್ಸರ್‌ನ ಬೆಳಕು ಹರಡುವ ಬಿಳಿ ಮುಚ್ಚಳದ (ಡಿಫ್ಯೂಸರ್) ಮೇಲೆ ಧೂಳು, ಹಕ್ಕಿ ಹಿಕ್ಕೆ, ಉದುರಿದ ಹಿಂಗಾರದ ಹೂ ಕೂತರೆ ತಡೆ ಹೆಚ್ಚಾದಂತೆ ಕಾಣುತ್ತದೆ. ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಉಜ್ಜಬೇಡಿ.

ಸ್ವಂತ ಲಾಗರ್ ಕಟ್ಟುವವರಿಗೆ ಒಂದು ಎಚ್ಚರಿಕೆ. ಅಪೋಜಿ ಎಸ್‌ಕ್ಯು-500 ಎಂಬ ಬಿಡಿ ಪಿಎಆರ್ ಸೆನ್ಸರ್ ಮೈಕ್ರೋಮೋಲಿಗೆ 0.01 ಮಿಲಿವೋಲ್ಟ್ ಕೊಡುತ್ತದೆ, ಕಡು ಬಿಸಿಲಿಗೂ 20 ಮಿಲಿವೋಲ್ಟ್ ಅಷ್ಟೇ. ಲಾಗರ್ ಕಟ್ಟಲು ಬಳಸುವ ಪುಟ್ಟ ಬೋರ್ಡ್ ಆರ್ಡುಯಿನೊ ಯುನೊ ಗುರುತಿಸಬಲ್ಲ ಅತಿ ಸಣ್ಣ ಮೆಟ್ಟಿಲು 4.9 ಮಿಲಿವೋಲ್ಟ್, ಇಡೀ ದಿನದ ಬಿಸಿಲು ನಾಲ್ಕು ಮೆಟ್ಟಿಲಲ್ಲಿ ಮುಗಿದುಹೋಗುತ್ತದೆ. ನಡುವೆ ಸಣ್ಣ ವೋಲ್ಟೇಜನ್ನು ನವಿರಾಗಿ ಓದುವ ಎಡಿಎಸ್1115 ಚಿಪ್ ಹಾಕಿ ಅದರ ಗೇನ್ (ಹಿಗ್ಗಿಸುವ ಪ್ರಮಾಣ) 16ಕ್ಕೆ ಇಟ್ಟರೆ ಮೆಟ್ಟಿಲು ಒಂದು ಮೈಕ್ರೋಮೋಲಿಗಿಂತ ಕೆಳಗಿಳಿಯುತ್ತದೆ.

ಅಗ್ಗವೆಂದು ಬಿಎಚ್1750ರಂಥ, ಕಣ್ಣಿಗೆ ಕಾಣುವ ಹೊಳಪನ್ನು ಅಳೆಯುವ ಲಕ್ಸ್ ಸೆನ್ಸರ್ ಬಳಸುವವರಿದ್ದಾರೆ. ಬಯಲಿನಲ್ಲಿ 54 ಲಕ್ಸ್‌ಗೆ ಒಂದು ಮೈಕ್ರೋಮೋಲ್ ಎಂಬ ಲೆಕ್ಕ ನಡೆಯುತ್ತದೆ, ಹಂದರದ ಕೆಳಗೆ ನಡೆಯುವುದಿಲ್ಲ. ಎಲೆ ಕೆಂಪು, ನೀಲಿಯನ್ನು ಹೀರಿ ಹಸಿರನ್ನು ಹೆಚ್ಚು ಬಿಡುತ್ತದೆ, ಲಕ್ಸ್ ಮೀಟರ್ ಹಸಿರಿಗೇ ಹೆಚ್ಚು ಬೆಲೆ ಕೊಡುತ್ತದೆ. ಕೆಳಗಿನ ಓದು ಉಬ್ಬಿ, ತಡೆ ಕಡಿಮೆ ಕಾಣುತ್ತದೆ. ಜೊತೆಗೆ ಅದರ ಮಾಮೂಲಿ ಮಿತಿ ಸುಮಾರು 54,600 ಲಕ್ಸ್. ಮಟ್ಟಮಧ್ಯಾಹ್ನದ ಬಿಸಿಲು ಒಂದು ಲಕ್ಷ ದಾಟುತ್ತದೆ. ಬಿಸಿಲಿನ ಒಟ್ಟು ಶಕ್ತಿ ಅಳೆಯುವ ಸಿಲಿಕಾನ್ ಪೈರಾನೋಮೀಟರ್ ಕೂಡ ಕೆಳಗೆ ಸಲ್ಲದು: ಎಲೆ ದಾಟಿ ಬರುವ ಅವಗೆಂಪು ಕಿರಣಗಳನ್ನೂ ಅದು ಎಣಿಸುತ್ತದೆ.

ಮೇಲಿನ ಆಕಾಶವನ್ನೆಲ್ಲ ಒಂದೇ ನೋಟದಲ್ಲಿ ಹಿಡಿಯುವ ಮೀನುಗಣ್ಣು ಲೆನ್ಸಿನ ಲೈಕೋರ್ ಎಲ್‌ಎಐ-2200ಸಿ ಬೇರೆಯೇ ಜಾತಿ. ಐದು ಉಂಗುರಗಳಲ್ಲಿ ನೀಲಿ ಬೆಳಕು ನೋಡಿ ಹಂದರದ ಸಂದುಗಳನ್ನು ಲೆಕ್ಕಹಾಕುತ್ತದೆ. ಎಲೆ ಸೂಚ್ಯಂಕಕ್ಕೆ ಕೋಲಿಗಿಂತ ಮೇಲು, ದಿನದ ಬೆಳಕಿನ ಲೆಕ್ಕಕ್ಕೆ ಅಲ್ಲ. ನೇರ ಬಿಸಿಲಲ್ಲಿ ಹೊಳೆಯುವ ಎಲೆ ಸಂದಿನಂತೆ ಕಂಡು ಸೂಚ್ಯಂಕ ಇಳಿಯುತ್ತದೆ, ಮುಂಜಾವು ಅಥವಾ ಒಂದೇ ಸಮ ಮೋಡವೇ ಸರಿ. ಹೊರಗಿನ ಉಂಗುರ ನೆತ್ತಿಯಿಂದ 74 ಡಿಗ್ರಿವರೆಗೂ ನೋಡುವುದರಿಂದ 12 ಮೀಟರ್ ಎತ್ತರದ ಅಡಿಕೆಯ ನಡುವೆ ಮೇಲಿನ ಓದಿಗೆ ಸುತ್ತಲೂ ಸುಮಾರು 42 ಮೀಟರ್ ಬಯಲು ಬೇಕು. ಮಲೆನಾಡಿನಲ್ಲಿ ಅಷ್ಟು ಜಾಗ ಸಿಗದಿದ್ದರೆ ಲೆನ್ಸಿಗೆ 90 ಡಿಗ್ರಿಯಷ್ಟನ್ನು ಮಾತ್ರ ತೆರೆದಿಡುವ ಮುಚ್ಚಳ ಹಾಕಿ, ಮೇಲೂ ಕೆಳಗೂ ಒಂದೇ ದಿಕ್ಕಿಗೆ ಹಿಡಿಯಿರಿ.

ಇನ್ನು ಒಕ್ಲಹಾಮಾ ಸ್ಟೇಟ್ ಯೂನಿವರ್ಸಿಟಿಯ ಕೆನೊಪಿಯೋ ಆ್ಯಪ್. ಮೇಲಿನಿಂದ ಫೋಟೊ ತೆಗೆದರೆ ಹಸಿರು ಎಷ್ಟು ಪಾಲು ಎಂದು ಹೇಳುತ್ತದೆ. ಬಿತ್ತಿದ ಮೊದಲ ವಾರಗಳಲ್ಲಿ, ಕೋಲು ತೂರಿಸಲು ಎಲೆಯ ಕೆಳಗೆ ಜಾಗವೇ ಇಲ್ಲದಾಗ, ಇದಕ್ಕಿಂತ ಅನುಕೂಲದ್ದು ಇನ್ನೊಂದಿಲ್ಲ. ಕಳೆಯನ್ನೂ ಬೆಳೆಯೆಂದೇ ಎಣಿಸುತ್ತದೆ, ಹಾಗಾಗಿ ಎಡೆಕುಂಟೆ ಹೊಡೆದ ಮೇಲೆ ಫೋಟೊ ತೆಗೆಯಿರಿ. ಸಾಲು ಕೂಡಿಕೊಂಡ ಮೇಲೆ ಎಲೆಯ ಮೇಲೆ ಎಲೆ ಬಂದದ್ದು ಅದಕ್ಕೆ ಕಾಣದು, ತೆನೆ ಬಲಿತು ಎಲೆ ಒಣಗತೊಡಗಿದರೆ ಬೆಳಕು ತಡೆಯುತ್ತಿರುವ ಒಣ ಎಲೆ ಲೆಕ್ಕಕ್ಕೇ ಬರುವುದಿಲ್ಲ.