ಡೆಬಿಯನ್ 12ರ ಆಡ್‌ಯೂಸರ್: ತಪ್ಪು ಹೆಸರು ತಡೆಯುತ್ತದೆ, ತಪ್ಪು ಎಲ್ಲಿದೆ ಅಂತ ಹೇಳಲ್ಲ

ದಾವಣಗೆರೆ, ಚಿತ್ರದುರ್ಗದ ವಿಟಿಯು ಕಾಲೇಜುಗಳ ಯುಎಸ್‌ಎನ್ (ವಿದ್ಯಾರ್ಥಿಯ ನೋಂದಣಿ ಸಂಖ್ಯೆ) ಶುರುವಾಗುವುದೇ 4ರಿಂದ. ಲ್ಯಾಬ್ ಸರ್ವರ್‌ನಲ್ಲಿ ಅದನ್ನೇ ಯೂಸರ್‌ನೇಮ್ ಮಾಡಹೊರಟರೆ, ಡೆಬಿಯನ್ ಲಿನಕ್ಸ್‌ನಲ್ಲಿ ಖಾತೆ ತೆರೆಯುವ ಕಮಾಂಡ್ ಆದ ಆಡ್‌ಯೂಸರ್ ಒಪ್ಪುವುದಿಲ್ಲ. ಮೊದಲಿಗೆ ಇಂಗ್ಲಿಷಿನ ಸಣ್ಣಕ್ಷರವೇ ಬೇಕು, ಕ್ಯಾಪಿಟಲ್ ಎಲ್ಲೂ ಕೂಡದು. ಈ ಕಟ್ಟುನಿಟ್ಟು ಬೇಕೇ ಬೇಕು. 2017ರಲ್ಲಿ, ಲಿನಕ್ಸ್‌ನಲ್ಲಿ ಸರ್ವೀಸ್‌ಗಳನ್ನು ಓಡಿಸುವ ಸಿಸ್ಟಮ್‌ಡಿ, ಅಂಕಿಯಿಂದ ಶುರುವಾದ ಯೂಸರ್ ಹೆಸರನ್ನು ಅಮಾನ್ಯವೆಂದು ಲಾಗ್‌ನಲ್ಲಿ ಬರೆದು, ಆ ಹೆಸರಲ್ಲಿ ಓಡಬೇಕಿದ್ದ ಸರ್ವೀಸನ್ನು ಎಲ್ಲ ಅಧಿಕಾರವಿರುವ ರೂಟ್ ಆಗಿಯೇ ಓಡಿಸುತ್ತಿದ್ದುದು ಬೆಳಕಿಗೆ ಬಂದಿತ್ತು. ಅದಕ್ಕಿಂತ ಬಾಗಿಲಲ್ಲೇ ತಡೆಯುವುದು ಎಷ್ಟೋ ಮೇಲು. ಮುಂದೆ ಒಂದು ‘ಯು’ ಸೇರಿಸಿ ಎಲ್ಲವನ್ನೂ ಸಣ್ಣಕ್ಷರ ಮಾಡಿದರೆ ಹೆಸರು ಪಾಸು. ತಡೆ ಬಿದ್ದದ್ದು ನೇಮ್ ರೆಜೆಕ್ಸ್ (ಹೆಸರು ಹೇಗಿರಬೇಕೆಂಬ ನಮೂನೆ) ಸೆಟ್ಟಿಂಗ್‌ನಿಂದ, ಸಡಿಲಿಸಲು ಇಂಥ ಆಪ್ಷನ್ ಕೊಡಿ ಎಂದು ಮೆಸೇಜೇ ಹೇಳುತ್ತದೆ.

ಸಿಟ್ಟು ಬರುವುದು ಆಫೀಸಿನ ಎಕ್ಸೆಲ್ ಲಿಸ್ಟ್ ಕೈಗೆ ಬಂದಾಗ. ಸಿಎಸ್‌ವಿ (ಸಾದಾ ಪಠ್ಯದ ಫೈಲ್) ಮಾಡಿ, ಖಾತೆ ತೆರೆಯುವ ಸ್ಕ್ರಿಪ್ಟ್‌ಗೆ ಕೊಟ್ಟರೆ ಅಷ್ಟೂ ಹೆಸರು ಫೇಲ್. ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ. ವಿಂಡೋಸ್ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಎಂಬ ಕಾಣದ ಅಕ್ಷರ ಅಂಟಿಸಿರುತ್ತದೆ; 11 ಅಕ್ಷರದ ಹೆಸರು ಒಳಗೆ 12 ಆಗಿರುತ್ತದೆ. ಸ್ಕ್ರಿಪ್ಟ್‌ನಲ್ಲಿ ಸಾಲು ಓದುವ ಬ್ಯಾಶ್‌ನ ರೀಡ್ ಕಮಾಂಡ್ ಕೊನೆಯ ಸ್ಪೇಸ್ ತೆಗೆಯುತ್ತದೆ, ಇದನ್ನು ತೆಗೆಯುವುದಿಲ್ಲ. ಮೆಸೇಜ್ ನಿಯಮ ಓದಿ ಹೇಳುತ್ತದೆಯೇ ಹೊರತು ಎಷ್ಟನೇ ಅಕ್ಷರದಲ್ಲಿ ಎಡವಿತು ಅನ್ನುವುದಿಲ್ಲ. ಹಾಗಾಗಿ ಪ್ರತಿ ಸಲವೂ ಫೈಲನ್ನು ಮೊದಲು ಕ್ಯಾಟ್ -ಎ (ಕ್ಯಾಪಿಟಲ್ ಎ) ಹಾಕಿ ನೋಡಿ. ಹೆಸರಿಗೆ ತಾಗಿಯೇ ಸಾಲಿನ ಕೊನೆ ತೋರಿಸುವ ಡಾಲರ್ ಗುರುತಿದ್ದರೆ ಸರಿ. ನಡುವೆ ^ಎಂ ಕಂಡರೆ ಅದೇ ಕ್ಯಾರೇಜ್ ರಿಟರ್ನ್, ಅದನ್ನು ಅಳಿಸುವ ಡಾಸ್‌ಟುಯುನಿಕ್ಸ್ ಓಡಿಸಿ.

ಸ್ಕ್ರಿಪ್ಟ್‌ನಲ್ಲಿ ಇದೇ ಕೆಲಸದ ಇನ್ನೊಂದು ಕಮಾಂಡ್ ಯೂಸರ್‌ಆಡ್ ಬಳಸಬೇಡಿ. ಡೆಬಿಯನ್‌ನಲ್ಲಿ ಅದರ ತಪಾಸಣೆ ಸಡಿಲ, ಕ್ಯಾಪಿಟಲ್ ಅಕ್ಷರದ ಯುಎಸ್‌ಎನ್ ಕೂಡ ಸದ್ದಿಲ್ಲದೆ ಒಳಗೆ ಹೋಗುತ್ತದೆ.

ಇಷ್ಟಾದರೂ ಆಡ್‌ಯೂಸರ್ ಬಿಡಲು ಮನಸ್ಸಾಗದಿರುವುದು ಬೇರೆ ಸೆಟ್ಟಿಂಗ್ ಫೈಲ್ ಕೊಡಲು ಬಿಡುವ ಅದರ ಕಾನ್ಫ್ ಆಪ್ಷನ್‌ನಿಂದ. ಆಡ್‌ಯೂಸರ್.ಕಾನ್ಫ್ ಫೈಲಿನ ಕಾಪಿ ಮಾಡಿ, ಅದರಲ್ಲಿ ನೇಮ್ ರೆಜೆಕ್ಸನ್ನು ಬಿಗಿ ಮಾಡಿ: ‘ಯು’, 4, ಎರಡಕ್ಷರ, ಎರಡಂಕಿ, ಎರಡಕ್ಷರ, ಮೂರಂಕಿ. ವಿದ್ಯಾರ್ಥಿಗಳ ಖಾತೆಗೆ ಈ ಕಾಪಿಯನ್ನೇ ಕೊಡಿ, ಸಿಬ್ಬಂದಿಗೆ ಮೂಲ ಫೈಲೇ ಇರಲಿ. ಕೊನೆಯ ಮೂರಂಕಿ 045 ಎಂದಿರುವಲ್ಲಿ ಸೊನ್ನೆ ಜಾಗದಲ್ಲಿ ಯಾರೋ ‘ಓ’ ಅಕ್ಷರ ಒತ್ತಿದ್ದರೆ ಡೀಫಾಲ್ಟ್ ನಿಯಮ ಹಿಡಿಯುವುದಿಲ್ಲ, ಇದು ಹಿಡಿಯುತ್ತದೆ. ಎಲ್‌ಡ್ಯಾಪ್ (ಎಲ್ಲ ಖಾತೆಗಳನ್ನೂ ಒಂದೇ ಕಡೆ ಇಡುವ ವ್ಯವಸ್ಥೆ) ಕೂರಿಸುವಷ್ಟು ದೊಡ್ಡ ಲ್ಯಾಬ್ ಅಲ್ಲದಿದ್ದರೆ ಖರ್ಚಿಲ್ಲದೆ ಇಷ್ಟರಲ್ಲೇ ಕೆಲಸ ನಡೆಯುತ್ತದೆ.